ಮುಂದಿನ ನೆರಳು, ಹಿಂದಿನ ಓಣಿ

ಕಳೆದ ಬೇಸಿಗೆಯಲ್ಲಿ ಅಮ್ಮ ತಿಪಟೂರಿನಿಂದ ಬಂದು ನನ್ನ ಜೊತೆ ಹತ್ತು ದಿನ ಇದ್ದಳು. ನಾನಿರುವುದು ಮಲ್ಲೇಶ್ವರದ ಎಂಟನೇ ಕ್ರಾಸಿನ ಹತ್ತಿರ, ಹಳೆಯ ಮನೆಯೊಂದರ ಮಹಡಿ ಮೇಲಿನ ರೂಮಿನಲ್ಲಿ. ಬಂದ ಎರಡನೇ ದಿನವೇ ಅಮ್ಮ ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ಹೋಗಬೇಕು ಅಂದಳು. ಆಟೋ ಹಿಡಿಯೋಣ ಅಂದರೆ ಒಪ್ಪಲಿಲ್ಲ. "ಇಲ್ಲೇ ಇದೆ ಅಂತೀಯ, ಅಷ್ಟು ದೂರಕ್ಕೆ ಆಟೋ ಯಾಕೆ? ನಡ್ಕೊಂಡೇ ಹೋಗೋಣ."

ಅಮ್ಮನಿಗೆ ಮಂಡಿನೋವು. ಸಪಾಟಾದ ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾಳೆ, ಹತ್ತಿ ಇಳಿಯುವುದೇ ಕಷ್ಟ. ಸಂಪಿಗೆ ರಸ್ತೆಯ ಫುಟ್‌ಪಾತಿನಲ್ಲಿ ಅವಳು ಮಾಡಿದ್ದೆಲ್ಲ ಅದೇ, ಹತ್ತುವುದು ಮತ್ತು ಇಳಿಯುವುದು. ಪ್ರತಿ ಮನೆಯ ಗೇಟಿನ ಮುಂದೆ ಕಾರು ಒಳಹೋಗಲು ಇಳಿಜಾರು, ಮತ್ತೆ ಮೇಲೆ. ಒಂದು ಕಡೆ ಟ್ರಾನ್ಸ್‌ಫಾರ್ಮರು. ಇನ್ನೊಂದು ಕಡೆ ಚಪ್ಪಡಿ ಎದ್ದು ಬಾಯಿಬಿಟ್ಟ ಮೋರಿ. ಕ್ರಾಸು ಬಂದಾಗೆಲ್ಲ ಒಂದು ಗೇಣಿಗಿಂತ ಎತ್ತರದ ಮೆಟ್ಟಿಲು. ಅರ್ಧ ದಾರಿಗೆ ಬಂದವಳು ಒಂದು ಮರದ ಬುಡದಲ್ಲಿ ನಿಂತು, ಮೇಲೆ ನೋಡಿ, ಆಮೇಲೆ ಕೆಳಗೆ ನೋಡಿ ಹೇಳಿದಳು: "ನಿಮ್ಮೂರಲ್ಲಿ ತಲೆ ಮೇಲೆ ಚೆನ್ನಾಗಿದೆ ಕಣೇ. ಕಾಲ ಕೆಳಗೇ ಏನೂ ಇಲ್ಲ."

ಮೈಸೂರು ಸಂಸ್ಥಾನದ ನಗರ ಸುಧಾರಣೆಯ ಮೇಲೆ ನಾನು ಮೂರು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಧಾನಸೌಧದ ಕೆಳಗಿರುವ ಪತ್ರಾಗಾರದಲ್ಲಿ ಕೂತು ಪುರಸಭೆಯ ಕಡತಗಳನ್ನು ಓದುತ್ತೇನೆ. ಆದರೂ ಈ ಪ್ರಶ್ನೆಯನ್ನು ಇಷ್ಟು ಸರಳವಾಗಿ ಕೇಳಿಕೊಂಡಿರಲಿಲ್ಲ. ತಲೆ ಮೇಲಿನದನ್ನು ಯಾರು ಮಾಡಿದರು, ಕಾಲ ಕೆಳಗಿನದನ್ನು ಯಾರು ಮರೆತರು?

ಪೇಟೆಯಿಂದಲೇ ಶುರು ಮಾಡಬೇಕು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರು ಎನ್ನುವ ಊರು ಇವತ್ತಿನ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆಗಳ ಗಜಿಬಿಜಿ. ಅಲ್ಲಿ ಮರಗಳು ಕಡಿಮೆ. ಕಟ್ಟೆಯ ಮೇಲೊಂದು ಅಶ್ವತ್ಥ, ಅದರ ಕೆಳಗೆ ನಾಗರಕಲ್ಲು, ಅಷ್ಟೆ. ತೋಪುಗಳೂ ಕೆರೆಗಳೂ ಇದ್ದದ್ದು ಊರ ಹೊರಗೆ. ಆದರೂ ಅದು ನಡೆಯುವವರ ಊರೇ ಆಗಿತ್ತು. ಕೆಳಗೆ ಅಂಗಡಿ, ಮೇಲೆ ಮನೆ, ಎದುರಿನ ಗೋಡೆಯೇ ನೆರಳು. ಕಿರಿದಾದ ಬೀದಿಗೆ ಮಧ್ಯಾಹ್ನದ ಒಂದೆರಡು ಗಂಟೆ ಬಿಟ್ಟರೆ ಬಿಸಿಲು ನೇರವಾಗಿ ಇಳಿಯುವುದೇ ಇಲ್ಲ. ದೊಡ್ಡಪೇಟೆಗೆ ಆಮೇಲೆ ಅವೆನ್ಯೂ ರೋಡ್ ಅಂತ ಹೆಸರು ಬಂತು. ಅವೆನ್ಯೂ ಅಂದರೆ ಸಾಲುಮರದ ರಸ್ತೆ. ಇವತ್ತು ಅಲ್ಲಿ ಹಳೆಯ ಪುಸ್ತಕ ಸಿಗುತ್ತವೆ, ಮರ ಹುಡುಕಬೇಕು.

1898ರ ಆಗಸ್ಟಿನಲ್ಲಿ ಈ ಊರಿಗೆ ಪ್ಲೇಗು ಬಂತು. ಸಾವಿರಾರು ಜನ ಸತ್ತರು, ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡವರು ಇನ್ನೂ ಹೆಚ್ಚು. ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದು ಪ್ಲೇಗಿನಿಂದ ಎಂದು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಅದು ಅರ್ಧ ಸತ್ಯ. ಹೊಸ ಬಡಾವಣೆಗಳ ಯೋಚನೆ 1890ರ ದಶಕದ ಆರಂಭದಲ್ಲೇ ಇತ್ತು, ಚಾಮರಾಜಪೇಟೆಯಂಥವು ಆಗಲೇ ತಲೆಯೆತ್ತಿದ್ದವು. ಪೇಟೆ ಬಿಟ್ಟು ಬರಲು ಜನಕ್ಕೆ ಮನಸ್ಸಿರಲಿಲ್ಲ, ಅಷ್ಟೆ. ಊರ ಹೊರಗೆ, ಕಾಡು ಮಲ್ಲೇಶ್ವರನ ಪಕ್ಕದಲ್ಲಿ ಯಾರು ಮನೆ ಕಟ್ಟುತ್ತಾರೆ? ಆ ದೇವಸ್ಥಾನದ 1669ರ ಶಾಸನ ಶಿವಾಜಿಯ ತಮ್ಮ ಏಕೋಜಿ ಮೇದರನಿಂಗನಹಳ್ಳಿಯನ್ನು ದೇವರಿಗೆ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ಇನ್ನೂರು ವರ್ಷದ ಮೇಲೂ ಅದು ಹಳ್ಳಿಗಾಡೇ. ಯಾರೂ ಮುಂದೆ ಬಾರದ ಜಾಗಕ್ಕೆ ಪ್ಲೇಗು ಜನರನ್ನು ಅಟ್ಟಿಕೊಂಡು ಬಂತು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯವಿದೆ. ಆ ಕಾಲದ ಅಧಿಕಾರಿಗಳು, ವೈದ್ಯರು ರೋಗಕ್ಕೆ ಮೂಲ ಕೆಟ್ಟ ಗಾಳಿ, ಕತ್ತಲೆ, ಇಕ್ಕಟ್ಟು, ಹೊಲಸು ಎಂದು ನಂಬಿದ್ದರು. ಆದ್ದರಿಂದ ಅಗಲ ರಸ್ತೆ ಬೇಕು, ಮನೆ ಮನೆಯ ನಡುವೆ ಜಾಗ ಬೇಕು, ಗಾಳಿ ಬೆಳಕು ಬೇಕು, ಮರ ಬೇಕು. ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಭಾರತದಲ್ಲೇ ಕೆಲಸ ಮಾಡುತ್ತ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಕಂಡುಕೊಂಡ. ಅದನ್ನು ಲೋಕ ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಂದರೆ ನಾವು ಇವತ್ತು ಹೊಗಳುವ ಮಲ್ಲೇಶ್ವರದ ಅಡ್ಡರಸ್ತೆಗಳು ಬಹುಪಾಲು ಒಂದು ತಪ್ಪು ತಿಳಿವಳಿಕೆಯ ಫಲ. ಕಾರಣ ತಪ್ಪಿದ್ದರೂ ರಸ್ತೆ ಚೆನ್ನಾಗಿಯೇ ಬಂತು.

ಇನ್ನೊಂದು ಕಾಕತಾಳೀಯ. ಲಂಡನ್ನಿನಲ್ಲಿ ಎಬೆನೆಜರ್ ಹೋವರ್ಡ್ ಎಂಬ ಶೀಘ್ರಲಿಪಿಕಾರ ತನ್ನ 'ಗಾರ್ಡನ್ ಸಿಟಿ'ಯ ಪುಸ್ತಕ ಪ್ರಕಟಿಸಿದ್ದೂ 1898ರಲ್ಲೇ. ಬೆಂಗಳೂರನ್ನು ಉದ್ಯಾನ ನಗರಿ ಎನ್ನುವಾಗ ಆ ಪುಸ್ತಕವನ್ನು ಎಳೆದು ತರುವವರಿದ್ದಾರೆ. ಅವೆರಡೂ ಬೇರೆ. ಹೋವರ್ಡನ ಊರಿಗೆ ಒಂದು ಮಿತಿ ಇತ್ತು: 6,000 ಎಕರೆ ಜಮೀನು, ಅದರಲ್ಲಿ ಊರು 1,000 ಎಕರೆ, ಜನ 32,000. ಅದಕ್ಕಿಂತ ಹೆಚ್ಚಾದರೆ ಬೇರೆ ಊರು ಕಟ್ಟಬೇಕು, ಸುತ್ತಲಿನ ಹೊಲ ಮುಟ್ಟಬಾರದು. ಭೂಮಿ ಊರಿನವರೆಲ್ಲರದ್ದು. ನಮ್ಮದರಲ್ಲಿ ಉದ್ಯಾನ ಇತ್ತು, ಮಿತಿ ಇರಲಿಲ್ಲ. 1951ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೆ ಸಮೀಪವಿದ್ದ ಊರು 2011ಕ್ಕೆ 84 ಲಕ್ಷ ದಾಟಿತು.

ಸರಿ, ರಸ್ತೆಗೆ ವಾಪಸು ಬರೋಣ. ಮಲ್ಲೇಶ್ವರದ ಎರಡು ಮುಖ್ಯ ಬೀದಿಗಳಿಗೆ ಮರದ ಹೆಸರಿದೆ. ಸಂಪಿಗೆ ರಸ್ತೆ ಎಲ್ಲರಿಗೂ ಗೊತ್ತು. ಅದಕ್ಕೆ ಸಮಾನಾಂತರವಾಗಿರುವ ಮಾರ್ಗೋಸಾ ರಸ್ತೆ ಅಂದರೆ ಯಾರೋ ದೊರೆಯ ಹೆಸರು ಅಂದುಕೊಂಡಿದ್ದೆ. ಮಾರ್ಗೋಸಾ ಅಂದರೆ ಬೇವು, ಪೋರ್ಚುಗೀಸರ ಕಹಿ ಎಂಬ ಮಾತಿನಿಂದ ಬಂದದ್ದು. ಸಂಪಿಗೆ ಒಂದು ಕಡೆ, ಬೇವು ಒಂದು ಕಡೆ. ಯುಗಾದಿಗೆ ಹೇಳಿಸಿದ ಹಾಗಿದೆ.

ಬೆಂಗಳೂರಿನ ಮರಗಳ ಕಥೆಯಲ್ಲಿ ಎರಡು ಹೆಸರು ದೊಡ್ಡವು. ಮೊದಲನೆಯದು ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಹತ್ತಿರ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾದ ಗಾಯಕವಾಡರ ಬಳಿ ಬಂದವನು. 1908ರಲ್ಲಿ ಜಾನ್ ಕ್ಯಾಮರೂನ್ ನಿವೃತ್ತನಾದಾಗ ಲಾಲ್‌ಬಾಗಿನ ಹೊಣೆ ಹೊತ್ತ, 1932ರವರೆಗೆ ಹೊತ್ತಿದ್ದ. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ರಸ್ತೆಯಲ್ಲಿ ಇನ್ನೊಂದು ಜಾತಿಯ ಮರ ಅರಳುವಂತೆ, ವರ್ಷವಿಡೀ ಊರಿನ ಎಲ್ಲಾದರೂ ಒಂದು ಕಡೆ ಹೂವಿರುವಂತೆ ನೆಡುವ ಕ್ರಮವನ್ನು ಇಲ್ಲಿ ತಂದವನು ಅವನೇ ಎನ್ನುತ್ತಾರೆ. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡ, ಟಬೂಬಿಯಾ ಇವೆಲ್ಲ ಹಾಗೆ ನಮ್ಮ ಬೀದಿಯವಾದವು. ಎರಡು ಮಹಾಯುದ್ಧಗಳಲ್ಲೂ ಬ್ರಿಟಿಷರು ಅವನನ್ನು ಶತ್ರು ದೇಶದವನೆಂದು ಬಂಧಿಸಿಟ್ಟರು. ಆಮೇಲೂ ಅವನು ಊರು ಬಿಡಲಿಲ್ಲ, 1956ರಲ್ಲಿ ಇಲ್ಲೇ ಸತ್ತ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವನ ಸಮಾಧಿ ಇದೆ. ಲಾಲ್‌ಬಾಗಿನಲ್ಲಿ ಅವನ ಹೆಸರಿನ ಹಳೆಯ ಹಾಲ್ 2017ರ ಮಳೆಗಾಲ ಮುಗಿಯುವ ಹೊತ್ತಿಗೆ ಕುಸಿದುಬಿತ್ತು. ಮರ ನೆಟ್ಟವನ ಗೋಡೆ ನಿಲ್ಲಲಿಲ್ಲ, ಮರ ನಿಂತಿದೆ.

ಎರಡನೆಯದು ಎಸ್.ಜಿ. ನೇಗಿನಹಾಳ. ಕ್ರುಂಬಿಗಲ್ಲನ ಬಗ್ಗೆ ಬರೆಯುವವರು ಹತ್ತು ಜನ ಸಿಕ್ಕರೆ ಇವರ ಬಗ್ಗೆ ಬರೆಯುವವರು ಒಬ್ಬರು. ನನ್ನ ಲೆಕ್ಕದಲ್ಲಿ ಇದು ಅನ್ಯಾಯ. 1982ರಲ್ಲಿ, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದಾಗ, ಅರಣ್ಯ ಇಲಾಖೆಯ ಈ ಅಧಿಕಾರಿಗೆ ಬೆಂಗಳೂರನ್ನು ಹಸಿರು ಮಾಡುವ ಕೆಲಸ ಬಂತು. ಸುಮಾರು ಐದು ವರ್ಷದಲ್ಲಿ 15 ಲಕ್ಷ ಸಸಿ ನೆಡಿಸಿದರು. ಅದಕ್ಕೂ ಮೊದಲೇ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಬಗ್ಗೆ ಹೊರಲೋಕಕ್ಕೆ ತಿಳಿಸಿದವರು ಇವರೇ. 2021ರಲ್ಲಿ ತೀರಿಕೊಂಡರು. ಅವರ ಗುಟ್ಟು ಸಸಿಯ ಸಂಖ್ಯೆಯಲ್ಲಿಲ್ಲ, ಸಸಿ ಉಳಿಯುವ ರೀತಿಯಲ್ಲಿದೆ. ಕಡ್ಡಿಯಂಥ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದನ್ನು ಬಿಟ್ಟು, ಎತ್ತರ ಬೆಳೆದ ಸಸಿ ತಂದು, ದನ ಮುಟ್ಟದಂತೆ ಬೇಲಿ ಹಾಕಿಸಿ, ಯಾರ ಮನೆ ಮುಂದೆ ನೆಡುತ್ತಾರೋ ಅವರ ಮನಸ್ಸನ್ನೂ ಕೇಳಿ ನೆಟ್ಟರು. ಮನೆಯವರು ತಾವು ಆರಿಸಿಕೊಂಡ ಮರಕ್ಕೆ ಒಂದು ಕೊಡ ನೀರು ಹಾಕದೆ ಇರುತ್ತಾರೆಯೇ? ಹುಲಿಕಲ್ಲಿನಿಂದ ಕೂದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಚಿಕ್ಕಯ್ಯ ಆಲದ ಗಿಡಗಳಿಗೆ ನೀರು ಹೊತ್ತದ್ದೂ ಇದೇ ತತ್ವದ ಮೇಲೆ. ಅವರಿಗೆ ಇಲಾಖೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನೆರಳು ಬರೀ ಚಂದಕ್ಕಲ್ಲ ಎನ್ನುವುದಕ್ಕೆ ಲೆಕ್ಕವೂ ಇದೆ. ಹರಿಣಿ ನಾಗೇಂದ್ರ ಮತ್ತು ಸಹ ಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಪ್ರಕಾರ, ಮರವಿರುವ ರಸ್ತೆಯ ಗಾಳಿ ಮರವಿಲ್ಲದ ರಸ್ತೆಗಿಂತ ಮಧ್ಯಾಹ್ನ 5.6 ಡಿಗ್ರಿವರೆಗೂ ತಂಪು. ಡಾಂಬರಿನ ಮೇಲ್ಮೈಯಂತೂ 27.5 ಡಿಗ್ರಿವರೆಗೂ ತಂಪು. ಎಸಿ ಕಾರಿನಲ್ಲಿ ಕೂತವರಿಗೆ ಈ ಎರಡನೆಯ ಅಂಕಿ ಅರ್ಥವಾಗುವುದಿಲ್ಲ. ಎಂಟನೇ ಕ್ರಾಸಿನಲ್ಲಿ ಹೂ ಮಾರುವ ಅಕ್ಕನಿಗೆ ಅಂಕಿ ಇಲ್ಲದೆಯೇ ಅರ್ಥವಾಗುತ್ತದೆ. ಅವರು ಬುಟ್ಟಿಯನ್ನು ದಿನಕ್ಕೆ ಮೂರು ಸಲ ಸರಿಸುತ್ತಾರೆ, ಮರದ ನೆರಳು ಸರಿದ ಹಾಗೆ. "ಬಿಸ್ಲಿದ್ರೆ ಹೂನೂ ಬಾಡ್ತದೆ, ಗಿರಾಕೀನೂ ನಿಲ್ಲಲ್ಲ" ಅಂತಾರೆ. ಎರಡು ವರ್ಷದ ಹಿಂದೆ ಅವರಿದ್ದ ಮೊದಲ ಜಾಗದ ಮರವನ್ನು ಯಾರೋ ಕಡಿಸಿದರು. ಅವರ ವ್ಯಾಪಾರ ಅರ್ಧಕ್ಕೆ ಇಳಿಯಿತು, ಮೂರು ತಿಂಗಳು ಅಲೆದು ಈಗಿನ ಜಾಗ ಹಿಡಿದರು. ನಗರದಲ್ಲಿ ಮರ ಯಾಕೆ ಬೇಕು ಎಂಬ ಚರ್ಚೆಯಲ್ಲಿ ಆಮ್ಲಜನಕ ಬರುತ್ತದೆ, ಹಕ್ಕಿ ಬರುತ್ತದೆ, ಈ ಬುಟ್ಟಿ ಬರುವುದು ಕಡಿಮೆ.

ಹಾಗಾದರೆ ಕಾಲ ಕೆಳಗಿನದು? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಬೆಂಗಳೂರಿಗೆ ಮರಕ್ಕಾಗಿ ಬೀದಿಗಿಳಿಯುವುದು ಗೊತ್ತು, ನಡೆಯುವವರಿಗಾಗಿ ಅಷ್ಟು ಗೊತ್ತಿಲ್ಲ. 2009ರಲ್ಲಿ ಜಯನಗರದ ಲಕ್ಷ್ಮಣರಾವ್ ಬುಲೆವಾರ್ಡಿನ ಮರಗಳನ್ನು ಮೆಟ್ರೋಗಾಗಿ ಕಡಿಯುವಾಗ ಜನ ಅಡ್ಡನಿಂತರು. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿಲೋಮೀಟರ್ ಸ್ಟೀಲ್ ಫ್ಲೈಓವರಿಗೆ 812 ಮರ ಬಲಿಯಾಗುತ್ತವೆ ಎಂದಾಗ ಸಾವಿರಾರು ಜನ ಕೈ ಕೈ ಹಿಡಿದು ನಿಂತರು, 2017ರ ಮಾರ್ಚಿನಲ್ಲಿ ಯೋಜನೆಯೇ ರದ್ದಾಯಿತು. ಮರ ಕಡಿಯುವುದನ್ನು ತಡೆಯಲು 1976ರಿಂದ ಕಾನೂನೇ ಇದೆ. ಆದರೆ ಫುಟ್‌ಪಾತು ದಿನಕ್ಕೊಂದು ಅಡಿಯಂತೆ ಕರಗಿಹೋದಾಗ ಯಾರೂ ಕೈ ಕೈ ಹಿಡಿಯಲಿಲ್ಲ. ಮರ ಬಿದ್ದರೆ ಸದ್ದಾಗುತ್ತದೆ, ಫುಟ್‌ಪಾತು ಹೋಗುವುದು ಸದ್ದಿಲ್ಲದೆ.

ನಿಯಮ ಇಲ್ಲವೆಂದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಹದಿನೈದು ಸೆಂಟಿಮೀಟರ್ ಅಂದರೆ ಅಮ್ಮನ ಮಂಡಿ ಒಪ್ಪುವ ಎತ್ತರ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಡ್ಡಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೇ ಹೇಳಿತು. ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ವಾಹನ ನಿಲ್ಲಿಸಿ ನೋಡಿದ್ದೂ ಆಗಿದೆ. ನಾನೂ ಹೋಗಿದ್ದೆ, ಚೆನ್ನಾಗಿತ್ತು. ಆದರೆ ವಾರಾಂತ್ಯಕ್ಕೆ ಕಾಫಿ ಕುಡಿಯಲು ನಡೆಯುವುದು ಬೇರೆ, ದಿನಾ ಬಸ್ ಸ್ಟಾಪಿಗೆ ನಡೆಯುವುದು ಬೇರೆ.

ಮರ ಮತ್ತು ನಡಿಗೆಯನ್ನು ಒಂದಕ್ಕೊಂದು ಎದುರಾಳಿ ಮಾಡಿದ್ದೂ ನಾವೇ. ರಸ್ತೆಯನ್ನು ವಾಹನಕ್ಕೆಂದು ಅಗಲ ಮಾಡುತ್ತ ಹೋದಾಗ ಮರ, ವಿದ್ಯುತ್ ಕಂಬ, ಮೋರಿ, ತಳ್ಳುಗಾಡಿ, ಮನುಷ್ಯ ಎಲ್ಲರೂ ಉಳಿದ ನಾಲ್ಕಡಿಯಲ್ಲಿ ಜಗಳವಾಡಬೇಕು. ಬುಡದವರೆಗೂ ಕಾಂಕ್ರೀಟು ಹಾಕಿಸಿಕೊಂಡ ಮರ ಉಸಿರಿಗಾಗಿ ಬೇರೆತ್ತುತ್ತದೆ, ಚಪ್ಪಡಿ ಏಳುತ್ತದೆ, ಯಾರೋ ಎಡವುತ್ತಾರೆ, ಆಮೇಲೆ ಮರ ಅಪಾಯಕಾರಿ ಎಂದು ಅರ್ಜಿ ಹೋಗುತ್ತದೆ. ಈ ಸರಣಿಯಲ್ಲಿ ಮರದ ತಪ್ಪು ಎಲ್ಲಿದೆಯೋ ನನಗೆ ಕಂಡಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ಹಳೆಯ ಬೆಂಗಳೂರಿನ ಹಳಹಳಿಕೆಯಾಗುತ್ತಿತ್ತು. ಅಂಥವು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಕಡತಗಳನ್ನು ಓದುವಾಗ ಮತ್ತೆ ಮತ್ತೆ ಎದುರಾಗುವ ಒಂದು ಪದವಿದೆ: ಕನ್ಸರ್ವೆನ್ಸಿ ಲೇನ್. ಮಲ್ಲೇಶ್ವರ, ಬಸವನಗುಡಿಗಳ ಮನೆಸಾಲಿನ ಹಿಂದೆ ಒಂದು ಕಿರು ಓಣಿ. ಹಳೆಯ ಮನೆಗಳಲ್ಲಿ ಪಾಯಿಖಾನೆ ಹಿತ್ತಿಲ ಕೊನೆಯಲ್ಲಿ ಇರುತ್ತಿತ್ತು. ಅದರ ಹಿಂಭಾಗ ಈ ಓಣಿಗೆ ತೆರೆದುಕೊಳ್ಳುತ್ತಿತ್ತು. ಬೆಳಗಿನ ಜಾವ ಮಲ ಹೊರುವವರು ಬಂದು, ಮನೆಯವರ ಕಣ್ಣಿಗೆ ಬೀಳದೆ, ಮುಂದಿನ ರಸ್ತೆಯನ್ನು ತುಳಿಯದೆ ಕೆಲಸ ಮುಗಿಸಿ ಹೋಗಬೇಕು, ಅದಕ್ಕಾಗಿಯೇ ಈ ದಾರಿ. ನಿವೇಶನಗಳನ್ನು ಹಂಚಿದ್ದೂ ಜಾತಿವಾರು, ಯಾವ ಸಾಲು ಯಾರಿಗೆಂದು. ಗಾಳಿ, ಬೆಳಕು, ಸಂಪಿಗೆಯ ನೆರಳು ಮುಂದೆ. ಹಿಂದಿನ ಓಣಿಗೆ ಮರ ನೆಡಬೇಕೆಂಬ ಒಂದು ಸಾಲೂ ನಾನು ಓದಿದ ಕಾಗದಗಳಲ್ಲಿ ಇಲ್ಲ.

ಅಂದರೆ ನಾವು ಮಾದರಿ ಎಂದು ತೋರಿಸುವ, ನಡೆಯಲು ಹಿತವಾದ ಆ ಬಡಾವಣೆಯಲ್ಲಿ ನಡೆಯುವವರು ಎರಡು ಬಗೆ ಎಂದು ನಕ್ಷೆಯಲ್ಲೇ ಬರೆದಿತ್ತು. ಒಂದು ದಾರಿ ಎಲ್ಲರ ಕಣ್ಣಿಗೆ ಕಾಣಲು, ಇನ್ನೊಂದು ಕಾಣದಿರಲು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ಒಳಚರಂಡಿ ಬಂದ ಮೇಲೆ ಓಣಿಗಳಿಗೆ ಕೆಲಸವಿಲ್ಲದಂತಾಯಿತು. ಕೆಲವನ್ನು ಅಕ್ಕಪಕ್ಕದವರು ಸೇರಿಸಿಕೊಂಡರು, ಕೆಲವು ಕಸದ ಗುಂಡಿಗಳಾದವು, ಕೆಲವು ಸ್ಕೂಟರ್ ನಿಲ್ಲಿಸುವ ಜಾಗ. ಈಚೆಗೆ ಮಲ್ಲೇಶ್ವರದಲ್ಲೇ ಅಂಥ ಓಣಿಗಳನ್ನು ತೊಳೆದು, ಗೋಡೆಗೆ ಚಿತ್ರ ಬರೆದು, ನಡಿಗೆಯ ದಾರಿಯಾಗಿ ಮಾಡುವ ಪ್ರಯತ್ನ ನಡೆದಿದೆ. ಒಳ್ಳೆಯ ಕೆಲಸವೇ. ವಾಹನವಿಲ್ಲ, ಹೊಗೆಯಿಲ್ಲ, ಮೆಟ್ಟಿಲಿಲ್ಲ. ಗೋಡೆಯ ಚಿತ್ರಗಳಲ್ಲಿ ಆ ದಾರಿಯಲ್ಲಿ ಮೊದಲು ನಡೆದವರು ಎಲ್ಲಾದರೂ ಇದ್ದಾರೆಯೇ ಎಂದು ನಾನು ನೋಡುತ್ತಿರುತ್ತೇನೆ. ಹಕ್ಕಿಗಳಿವೆ, ಹೂಗಳಿವೆ.

ಅಮ್ಮನನ್ನು ಮರುದಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗ ಸ್ವಲ್ಪ ದೂರ ಅಂಥದೇ ಒಂದು ಓಣಿಯಲ್ಲಿ ಹೋದೆವು. ಅವಳ ಮಂಡಿಗೆ ಅದೇ ಹಿತವಾಗಿತ್ತು. ಹಿತ್ತಿಲ ಗೋಡೆಯಾಚೆಯಿಂದ ಒಂದು ಮಾವಿನ ಕೊಂಬೆ ಬಾಗಿತ್ತು, ಎರಡು ಬೆಕ್ಕು ಮಲಗಿದ್ದವು. "ಈ ದಾರಿ ಮೊದಲೇ ಯಾಕೆ ತೋರಿಸ್ಲಿಲ್ಲ? ಎಷ್ಟು ಸಲೀಸಾಗಿದೆ" ಅಂದಳು. ಆಮೇಲೆ, "ಇಷ್ಟು ಸಣ್ಣ ದಾರಿ ಯಾರಿಗೆ ಅಂತ ಮಾಡಿದ್ರು?"

ಹೇಳಿದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ದೇವಸ್ಥಾನದ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುವಾಗ ತನ್ನ ತವರುಮನೆಯ ಮಾತು ತೆಗೆದಳು. ಅವಳು ಸಣ್ಣವಳಿದ್ದಾಗ ಹಿತ್ತಿಲಿಗೆ ಒಬ್ಬಳು ಬರುತ್ತಿದ್ದಳಂತೆ. ಬಂದಾಗ ಬಳೆಯ ಸದ್ದು ಕೇಳುತ್ತಿತ್ತಂತೆ. ಸದ್ದು ಕೇಳಿದ ಕೂಡಲೇ ಅಜ್ಜಿ ಹಿಂಬಾಗಿಲು ಹಾಕಿ ಚಿಲಕ ಏರಿಸುತ್ತಿದ್ದರಂತೆ. ಹಬ್ಬದ ಮರುದಿನ ಅಡುಗೆಯನ್ನು ಎಲೆಯಲ್ಲಿ ಕಟ್ಟಿ ಗೋಡೆಯ ಮೇಲಿಡುತ್ತಿದ್ದದ್ದು ಅಮ್ಮನೇ.

"ಹತ್ತು ವರ್ಷ ಬಂದಿರ್ಬೇಕು. ಬಳೆ ಸದ್ದು ಈಗ್ಲೂ ನೆನಪಿದೆ" ಅಂದಳು. "ಹೆಸರೇನು ಅಂತ ನಾನು ಯಾವತ್ತೂ ಕೇಳ್ಲಿಲ್ಲ ನೋಡು."

ವಾಪಸು ಬರುವಾಗ ಅಮ್ಮ ಸಂಪಿಗೆ ರಸ್ತೆಯಲ್ಲೇ ಬಂದಳು. ಪ್ರತಿ ಕ್ರಾಸಿನಲ್ಲೂ ನನ್ನ ಭುಜ ಹಿಡಿದು ಇಳಿದಳು, ಹತ್ತಿದಳು.